ಪಾತಾಳಗರಡಿ

ಮಾಪ್ಸಾದ ಆಫೀಸಿನ ಹುಡುಗ ಹೇಳಿದ್ದ:
ಹದಿನೈದು ಸಾವಿರ ಕೊಡಿ ಅಕ್ಕಾ,
ತಿಂಗಳೊಳಗೆ ಮೊದಲ ಪುಟ.
ಕೊಟ್ಟೆವು. ಮೂರು ಬಾವಿಯ ಕೂಲಿ.
ನಾಲ್ಕುನೂರು ಕೊಂಡಿ ತಂದು ಸಿಕ್ಕಿಸಿದ,
ಜೂಜಿನಂಗಡಿಯಿಂದ, ಬೋಳುತಲೆಗೆ ಹಚ್ಚುವ ಎಣ್ಣೆಯಿಂದ,
ಯಾವ ದೇಶದ್ದೋ ಟೈರಿನ ಗೋದಾಮಿನಿಂದ.
ಮರುತಿಂಗಳು ಹುಡುಕಿದರೆ ನಾವು
ಮೊದಲಿದ್ದ ಜಾಗದಲ್ಲೂ ಇಲ್ಲ.

ಕೊಂಡಿ ಚೇಳಿಗೂ ಇರ್ತದ, ಅಂದ ಯಮನೂರ
ಬಾವಿಯೊಳಗಿಂದ. ಅಲ್ಲಿಂದ ಅವನ ಮಾತು
ಯಾವಾಗಲೂ ಎರಡು ಸಲ ಕೇಳಿಸುತ್ತದೆ.

ನಾನು ದಂಡೆಯಲ್ಲಿ ಹಗ್ಗ ಹಿಡಿಯುವವಳು.
ಅವನು ಮೇಲೆ ಬಂದು ಬೀಡಿ ಹಚ್ಚಿದಾಗಷ್ಟೇ
ನನ್ನ ಕೈಗೆ ಬಿಡುವು.
ಆ ಬಿಡುವಿನಲ್ಲಿ ಫೋನು ತೆಗೆದು
ನಮ್ಮ ಜಾಲತಾಣವನ್ನು ನಾನೇ ಓದಿದೆ, ಮೊದಲ ಸಲ.
'ಗೋವಾದ ಅತ್ಯುತ್ತಮ ಜಲಮೂಲ ನಿರ್ವಹಣಾ ಸೇವೆ.'
ಹೀಗೆ ಯಾರು ಕೇಳುತ್ತಾರೆ?
ಹಳದೋಣೆಯ ಎಸ್ಪೆರಾನ್ಸಾ ಬಾಯಿ ಕೇಳುವುದು
ನೀರಿಗ್ಯಾಕೆ ಸೀಮೆಎಣ್ಣೆ ವಾಸನೆ?
ಸಾಳಗಾವದ ಮುದುಕ ಕೇಳುವುದು
ಮೊದಲ ಮಳೆಗೆ ನೀರು ಚಹಾದ ಬಣ್ಣ ಯಾಕೆ?
ಆಮೆ ಬಿದ್ದಿದೆ, ತೆಗೆಯಬೇಕೋ ಬಿಡಬೇಕೋ?

ಎಲ್ಲ ಅಳಿಸಿದೆ.
ಕೇಳಿದ್ದನ್ನೇ ತಲೆಬರಹ ಮಾಡಿದೆ.
ಆಮೆ ಇರಲಿ ಬಿಡಿ, ಹುಳ ತಿನ್ನುತ್ತದೆ.
ಚಹಾದ ಬಣ್ಣ ಎಂಟು ದಿನಕ್ಕೆ ಇಳಿದೀತು, ನಮ್ಮನ್ನು ಕರೆಯಬೇಡಿ.
ವಾಸನೆ ಬಂದರೆ ಮೊದಲು ಪಂಪಿನ ಎಣ್ಣೆ ನೋಡಿ.
ಬಾಯಿಯ ಮೊಮ್ಮಗಳು ಇಂಗ್ಲಿಷಿಗೂ ಕೊಂಕಣಿಗೂ ತಿರುಗಿಸಿಕೊಟ್ಟಳು.
ಯಮನೂರ ಹಣೆ ಚಚ್ಚಿಕೊಂಡ:
ಕರೀಬ್ಯಾಡ್ರಿ ಅಂತ ಬರದರ ಯಾರು ಕರೀತಾರ?

ಒಂದು ಪುಟ ಮಾತ್ರ ಅವನೇ ಹೇಳಿ ಬರೆಸಿದ,
ನಡುನಡುವೆ ನಿಲ್ಲಿಸಿ.
ದೀಪ ಇಳಿಬಿಡಿ. ಆರಿದರೆ ಇಳಿಯಬೇಡಿ.
ಆರದಿದ್ದರೂ ಗಾಳಿ ಹಾಯಿಸದೆ ಇಳಿಯಬೇಡಿ.
ಒಳಗಿನವನು ಓ ಅನ್ನದಿದ್ದರೆ
ಅವನ ಹಿಂದೆ ಇನ್ನೊಬ್ಬರು ಇಳಿಯಬೇಡಿ.
ತಮ್ಮನ ಹೆಸರು ಬರೀಲೇನು ಅಂದೆ.
ಬ್ಯಾಡ ಅಂದ.

ಕೊಂಡಿ ಬೇಡಲು ಹೋಗಲಿಲ್ಲ ಅಂದರೆ ಸುಳ್ಳಾದೀತು.
ಸಿಪ್ರಿಯಾನನ ಪಂಪಂಗಡಿಗೆ ಮೂರು ಸಲ ಹೋದೆ.
ನನ್ನ ಪಂಪು ಹೊಗಳು, ಆಮೇಲೆ ನೋಡೋಣ ಅಂದ.
ಎಣ್ಣೆ ಸೋರುವುದೇ ಅವನ ಪಂಪು.
ಪುಂಡಲೀಕ ಮಾಸ್ತರರು ಬೇರೆ.
ಪ್ರತಿ ಮೇ ತಿಂಗಳು ಮಕ್ಕಳ ಕೈಯಲ್ಲಿ ಹಗ್ಗ ಬಿಡಿಸಿ
ಊರ ಬಾವಿಗಳ ಆಳ ಅಳೆಯುತ್ತಾರೆ.
ನಮ್ಮ ಏಳು ವರ್ಷದ ಲೆಕ್ಕದ ವಹಿ
ಕೊಟ್ಟು ಬಂದೆ, ಬೇರೇನೂ ಕೇಳದೆ.
ಶಾಲೆಯ ಪುಟದಲ್ಲಿ ಅಂಕಿಗಳ ಕೆಳಗೆ
ನಮ್ಮ ಹೆಸರು ಬಂತು, ನೀಲಿ ಅಕ್ಷರ, ಕೆಳಗೊಂದು ಗೆರೆ.
ಆಮೇಲೆ ಪಣಜಿಯ ನೀರು ಪರೀಕ್ಷೆಯವರು.
ಆಮೇಲೆ ಯಾರೋ ಕಾರವಾರದವರು, ಇವತ್ತಿಗೂ ಮುಖ ಗೊತ್ತಿಲ್ಲ.

ಊರಲ್ಲಿ ನಮ್ಮ ಓಣಿಗೆಲ್ಲ ಒಂದೇ ಪಾತಾಳಗರಡಿ.
ಒಂದು ಬಳೆ, ಹನ್ನೆರಡು ಕೊಕ್ಕೆ.
ಕೊಡ ಬಿದ್ದವರಿಗೆ ಅವ್ವ ಕೊಡುವಳು,
ಅಡವಿಗೊಂದು ಚೊಂಬು ಇಡಿಸಿಕೊಂಡು.
ಹನ್ನೆರಡರಲ್ಲಿ ಯಾವುದು ಕಚ್ಚುತ್ತದೆಂದು
ದಂಡೆಯಲ್ಲಿ ನಿಂತವರಿಗೆ ತಿಳಿಯುವುದಿಲ್ಲ.

ಅರವತ್ತೊಂದು. ನಲವತ್ತಮೂರು.
ಒರತೆಯೂ ಹೀಗೇ, ಕಲ್ಲು ಮೊದಲು ತಣ್ಣಗಾಗುತ್ತದೆ,
ಬೆವರುತ್ತದೆ, ಅಷ್ಟೇ ಎಷ್ಟೋ ದಿನ.
ಚವತಿ ಕಳೆದು ಹತ್ತೊಂಬತ್ತು.

ಒಂದು ರಾತ್ರಿ ಕೆಪೆಯಿಂದ ಫೋನು.
ದೀಪ ಆರಿತು ಬಾಯೆ, ಅಂದಿತೊಂದು ಗಂಡುದನಿ.
ನಾವು ಇಳಿಯಲಿಲ್ಲ.
ಕೆಲಸ ಇದೆಯಾ ಅಂತ ಕೇಳಲು ನೆನಪಾಗುವ ಮೊದಲೇ ಇಟ್ಟುಬಿಟ್ಟ.
ಯಮನೂರ ಆ ರಾತ್ರಿ
ರೊಕ್ಕದ ಮಾತೆತ್ತಲಿಲ್ಲ.

ಈಗಲೂ ನಮ್ಮ ಮೇಲೆ ಒಂದು ಕಂಪನಿ ಇದೆ,
ಬಾವಿ ಎಂದು ಈಜುಕೊಳದ ಫೋಟೋ ಹಾಕಿದ್ದು.
ಇರಲಿ. ಹೂಳು ಒಂದೇ ದಿನಕ್ಕೆ ತುಂಬಿದ್ದಲ್ಲ.

ಇವತ್ತು ಸಂಜೆ ಕೆಳಗಿನಿಂದ ಕೇಳಿದ:
ಎಷ್ಟನೇದಲೇ?
ಬಗ್ಗಿ ಹೇಳಿದೆ: ಏಳು.
ಬಾವಿ ಇನ್ನೊಮ್ಮೆ ಅಂದಿತು: ಏಳು.
ಹಗ್ಗ ಜಗ್ಗಿದ.
ಮೇಲೆಳೆಯತೊಡಗಿದೆ.